ಯಾವ ಕಾರ್ಬ್, ಎಷ್ಟು, ಯಾವಾಗ? ಬಾಡಿಬಿಲ್ಡಿಂಗ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಅನ್ನ ಬಿಟ್ಟರೆ ಮಾತ್ರ ಹೊಟ್ಟೆ ಕರಗುತ್ತಾ? ಹಣ್ಣಿನ ಸಕ್ಕರೆ ಕೊಬ್ಬಾಗಿಬಿಡುತ್ತಾ? ರಾತ್ರಿ ಹೊತ್ತು ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್, ಮುಟ್ಟಲೇಬಾರದಾ? ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಗ್ಲೂಕೋಸ್ ಕುಡಿಯದಿದ್ದರೆ ಪಟ್ಟ ಶ್ರಮವೆಲ್ಲ ದಂಡವಾ? ಜಿಮ್‌ಗೆ ಹೋಗುವ ಓದುಗರು ಮತ್ತೆ ಮತ್ತೆ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಒಂದೊಂದಕ್ಕೂ ಹೌದು, ಇಲ್ಲ ಅನ್ನುವುದಕ್ಕಿಂತ, ನುಂಗಿದ ಕಾರ್ಬ್ ಮೈಯೊಳಗೆ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಸರಿಯಾಗಿ ನೋಡಿಬಿಡುವುದು ಒಳ್ಳೆಯದು. ಆಮೇಲೆ ಉತ್ತರ ನಿಮಗೇ ಹೊಳೆಯುತ್ತದೆ.

ನನ್ನ ಲೆಕ್ಕದಲ್ಲಿ ಇದಕ್ಕೊಂದು ಕ್ರಮ ಇದೆ. ಮೊದಲು ದಿನದ ಒಟ್ಟು ಪ್ರಮಾಣ. ಆಮೇಲೆ ಅದು ಯಾವ ಆಹಾರದಿಂದ ಬಂತು ಅನ್ನುವುದು. ಅದಾದ ಮೇಲೆ ಹೊತ್ತು. ಕಟ್ಟಕಡೆಗೆ ಸಪ್ಲಿಮೆಂಟ್ ಪುಡಿ, ಡಬ್ಬ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಡಬ್ಬ ಮೊದಲು ಮನೆಗೆ ಬರುತ್ತದೆ, ದಿನಕ್ಕೆ ಎಷ್ಟು ತಿನ್ನುತ್ತಿದ್ದೇವೆ ಅನ್ನುವ ಲೆಕ್ಕ ಮಾತ್ರ ಬರುವುದೇ ಇಲ್ಲ.

ಶುರು ಮಾಡುವ ಮೊದಲು

ಒಂದು ಸಣ್ಣ ಡಿಜಿಟಲ್ ತೂಕದ ಯಂತ್ರ ಬೇಕು, ಗ್ರಾಂ ಲೆಕ್ಕದಲ್ಲಿ ಆಹಾರ ತೂಗುವಂಥದ್ದು. ನಿಮ್ಮ ಮೈತೂಕ ಗೊತ್ತಿರಬೇಕು. ಎರಡು ವಾರ ಊಟ, ತೂಕ, ವರ್ಕೌಟ್ ಮೂರನ್ನೂ ಬರೆದಿಡಲು ಒಂದು ನೋಟ್‌ಬುಕ್ ಅಥವಾ ಆ್ಯಪ್ ಇದ್ದರೆ ಸಾಕು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರು, ಅದಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಈ ಲೆಕ್ಕಗಳನ್ನು ನೇರವಾಗಿ ಹಿಡಿಯಬೇಡಿ. ಕಾರ್ಬ್ ಏಕಾಏಕಿ ಕಮ್ಮಿ ಮಾಡಿ ಹಳೆಯ ಡೋಸ್ ಔಷಧಿಯನ್ನೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಡಾಕ್ಟರ್ ಜೊತೆ ಮಾತಾಡಿಯೇ ಮುಂದುವರಿಯಿರಿ.

ಹಂತ 1: ಯಾವ ಕಾರ್ಬ್ ಎಲ್ಲಿಗೆ ಹೋಗುತ್ತದೆ ತಿಳಿಯಿರಿ

ಈ ಹಂತ ಸ್ವಲ್ಪ ಉದ್ದ ಇದೆ. ಹಾರಿಸಬೇಡಿ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಕಾರ್ಬ್ ಅಂದರೆ ಸಕ್ಕರೆ, ಪಿಷ್ಟ, ನಾರು ಮೂರೂ ಸೇರಿದ ಗುಂಪು. ಸಕ್ಕರೆ ಮತ್ತು ಪಿಷ್ಟದ ಪ್ರತಿ ಗ್ರಾಂಗೆ 4 ಕ್ಯಾಲೊರಿ. ನಾರಿಗೆ ಸುಮಾರು 2.

ಮೊದಲು ಗ್ಲೂಕೋಸ್. ಡೆಕ್ಸ್ಟ್ರೋಸ್ ಅಂತ ಡಬ್ಬದ ಮೇಲೆ ಬರೆದಿರುವುದೂ ಇದೇ. ಇದನ್ನು ಒಡೆಯುವ ಕೆಲಸವೇ ಇಲ್ಲ. ಸಣ್ಣ ಕರುಳು ಇದನ್ನು ಸೋಡಿಯಂ ಜೊತೆಗೆ ಒಳಗೆಳೆದುಕೊಂಡು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹಾರ್ಮೋನ್ ಬಿಡುತ್ತದೆ. ಇನ್ಸುಲಿನ್ ಬಂದಾಗ ಸ್ನಾಯುವಿನ ಜೀವಕೋಶದ ಒಳಗಿರುವ ಗ್ಲೂಟ್-4 ಅನ್ನುವ ಪ್ರೋಟೀನ್ ಹೊರಮೈಗೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇಲ್ಲೊಂದು ಮಜಾ ಇದೆ. ಸ್ನಾಯು ಕೆಲಸ ಮಾಡಿದರೂ ಇದೇ ಪ್ರೋಟೀನ್ ಹೊರಗೆ ಬರುತ್ತದೆ, ಇನ್ಸುಲಿನ್ ಹೇಳಲಿ, ಬಿಡಲಿ. ವರ್ಕೌಟ್ ಆದ ಮೇಲೆ ಸ್ನಾಯು ಸಕ್ಕರೆಯನ್ನು ಅಷ್ಟು ಸಲೀಸಾಗಿ ಹೀರಿಕೊಳ್ಳುವುದು ಇದಕ್ಕೇ.

ಒಳಗೆ ಹೋದ ಗ್ಲೂಕೋಸ್ ಆಗಲೇ ಉರಿಯದಿದ್ದರೆ ಒಂದಕ್ಕೊಂದು ಜೋಡಿಸಿಕೊಂಡು ಗ್ಲೈಕೋಜೆನ್ ಆಗುತ್ತದೆ. ಗ್ಲೈಕೋಜೆನ್ ಅಂದರೆ ನಮ್ಮ ಮೈ ಕೂಡಿಡುವ ಪಿಷ್ಟ ಅಂದುಕೊಳ್ಳಿ. ದೊಡ್ಡವರ ಸ್ನಾಯುಗಳಲ್ಲಿ ಒಟ್ಟಾರೆ 300ರಿಂದ 500 ಗ್ರಾಂ, ಲಿವರಿನಲ್ಲಿ 80ರಿಂದ 100 ಗ್ರಾಂ ಇರುತ್ತದೆ. ಎರಡರ ಸ್ವಭಾವ ಬೇರೆ. ಲಿವರ್ ತನ್ನಲ್ಲಿರುವುದನ್ನು ರಕ್ತಕ್ಕೆ ಬಿಟ್ಟು ಇಡೀ ಮೈಗೆ, ಮುಖ್ಯವಾಗಿ ಮಿದುಳಿಗೆ ಕೊಡುತ್ತದೆ. ಸ್ನಾಯು ಹಾಗಲ್ಲ. ತಾನು ಕೂಡಿಟ್ಟದ್ದನ್ನು ಪಕ್ಕದ ಮನೆಗೂ ಸಾಲ ಕೊಡದ ಜಿಪುಣನ ಹಾಗೆ. ಗ್ಲೈಕೋಜೆನ್ನಿನಿಂದ ಬಂದ ಗ್ಲೂಕೋಸನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವವೇ ಸ್ನಾಯುವಿನಲ್ಲಿ ಇಲ್ಲ. ಹಾಗಾಗಿ ತೊಡೆಯಲ್ಲಿರುವ ಗ್ಲೈಕೋಜೆನ್ ತೋಳಿನ ಕೆಲಸಕ್ಕೆ ಬರುವುದಿಲ್ಲ.

1966ರಲ್ಲಿ ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ಒಂದು ಪ್ರಯೋಗ ಮಾಡಿದರು. ಒಂದೇ ಕಾಲಿನಲ್ಲಿ ಸೈಕಲ್ ತುಳಿದು ಸುಸ್ತಾದ ಮೇಲೆ ಮೂರು ದಿನ ಕಾರ್ಬ್ ಜಾಸ್ತಿ ಇರುವ ಊಟ. ಕೆಲಸ ಮಾಡಿದ ಕಾಲಿನಲ್ಲಿ ಗ್ಲೈಕೋಜೆನ್ ಸುಮಾರು ಎರಡು ಪಟ್ಟಾಯಿತು. ಸುಮ್ಮನಿದ್ದ ಕಾಲಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮೈ ಒಂದೇ, ಊಟ ಒಂದೇ, ರಕ್ತವೂ ಒಂದೇ. ದುಡಿದ ಸ್ನಾಯುವಿಗೇ ಪಾಲು ಸಿಕ್ಕಿತು. ತಿಂದ ಕಾರ್ಬ್ ಸ್ನಾಯುವಿಗೆ ಹೋಗಬೇಕು ಅಂದರೆ ಆ ಸ್ನಾಯು ದುಡಿದಿರಬೇಕು, ಇಷ್ಟೇ ವಿಷಯ.

ಮುಂದೆ ಫ್ರಕ್ಟೋಸ್, ಅಂದರೆ ಹಣ್ಣು ಮತ್ತು ಜೇನಿನಲ್ಲಿ ಹೆಚ್ಚಾಗಿರುವ ಸಕ್ಕರೆ. ಇದರ ದಾರಿಯೇ ಬೇರೆ. ಕರುಳು ಇದನ್ನು ಬೇರೆ ಸಾಗಣೆಯಿಂದ, ಗ್ಲೂಕೋಸಿಗಿಂತ ನಿಧಾನವಾಗಿ ಒಳಗೆ ತೆಗೆದುಕೊಳ್ಳುತ್ತದೆ. ಬಹುಪಾಲು ಲಿವರಿನಲ್ಲೇ ತಡೆದು ನಿಲ್ಲುತ್ತದೆ. ಅಲ್ಲಿ ಅದು ಗ್ಲೂಕೋಸ್, ಲ್ಯಾಕ್ಟೇಟ್, ಲಿವರ್ ಗ್ಲೈಕೋಜೆನ್ ಆಗಿ ಬದಲಾಗುತ್ತದೆ. ಊಟವೂ ಜಾಸ್ತಿ, ಸಿಹಿ ಪಾನೀಯವೂ ಜಾಸ್ತಿ, ಹೀಗೆ ದಿನವೂ ನಡೆದರೆ ಒಂದು ಪಾಲು ಕೊಬ್ಬಾಗುತ್ತದೆ. ಫ್ರಕ್ಟೋಸ್ ರಕ್ತದ ಗ್ಲೂಕೋಸನ್ನು ಅಷ್ಟಾಗಿ ಏರಿಸುವುದಿಲ್ಲ, ಸ್ನಾಯುವಿನ ಗ್ಲೈಕೋಜೆನ್ನನ್ನು ತುಂಬುವುದರಲ್ಲೂ ಹಿಂದೆ. ಅದಕ್ಕೆ ವರ್ಕೌಟ್ ಆದ ಮೇಲೆ ಬರೀ ಹಣ್ಣು ತಿಂದು ಸ್ನಾಯು ತುಂಬಿತು ಅಂದುಕೊಳ್ಳಬಾರದು. ಹಾಗಂತ ಹಣ್ಣಿಗೆ ಹೆದರಬೇಕಾಗಿಲ್ಲ. ಒಂದು ಸೇಬಿನಲ್ಲಿರುವ ಫ್ರಕ್ಟೋಸ್ ಹತ್ತು ಹನ್ನೆರಡು ಗ್ರಾಂ, ಜೊತೆಗೆ ನೀರು, ನಾರು. ಹಣ್ಣು ತಿಂದೇ ದಪ್ಪಗಾದೆ ಅನ್ನುವ ಬಾಡಿಬಿಲ್ಡರ್ ಬಹಳ ಅಪರೂಪ.

ನಾವು ಚಹಾಕ್ಕೆ ಹಾಕುವ ಸಕ್ಕರೆ ಸುಕ್ರೋಸ್. ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಜೇನೂ ಹೆಚ್ಚುಕಮ್ಮಿ ಇದೇ ಜಾತಿ, ಆರೋಗ್ಯಕರ ಅಂತ ಚಮಚಗಟ್ಟಲೆ ಸುರಿದುಕೊಳ್ಳುವವರು ಇದನ್ನು ನೆನಪಿಡಬೇಕು. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಕಿಣ್ವ ಎಷ್ಟೋ ಜನರಲ್ಲಿ ದೊಡ್ಡವರಾಗುತ್ತಾ ಕಮ್ಮಿಯಾಗುತ್ತದೆ. ಪ್ರೋಟೀನ್ ಶೇಕ್ ಕುಡಿದರೆ ಹೊಟ್ಟೆ ಉಬ್ಬುತ್ತದೆ ಅನ್ನುವವರು ಮೊದಲು ಹಾಲು ಬಿಟ್ಟು ನೀರಿನಲ್ಲಿ ಕಲಸಿ ನೋಡಿ.

ಈಗ ಪಿಷ್ಟ. ಅನ್ನ, ಗೋಧಿ, ಆಲೂಗಡ್ಡೆ, ಓಟ್ಸ್, ಕಾಳುಗಳಲ್ಲಿರುವುದು ಇದು. ಸಾವಿರಾರು ಗ್ಲೂಕೋಸ್‌ಗಳ ಸರಪಳಿ. ಬಾಯಿಯ ಜೊಲ್ಲಿನಲ್ಲೇ ಒಡೆಯುವ ಕೆಲಸ ಶುರುವಾಗಿ ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಕೊನೆಗೆ ರಕ್ತಕ್ಕೆ ಬರುವುದು ಅದೇ ಗ್ಲೂಕೋಸ್.

ಎಲ್ಲರೂ ಎಡವುವುದು ಇಲ್ಲೇ. "ಸಕ್ಕರೆ ಬೇಗ ಏರುತ್ತದೆ, ಪಿಷ್ಟ ನಿಧಾನ" ಅಂತ ಬಾಯಿಪಾಠ ಮಾಡಿಸಿರುತ್ತಾರೆ. ನಿಜ ಅಷ್ಟು ಸರಳವಾಗಿಲ್ಲ. ಪಿಷ್ಟದಲ್ಲಿ ಎರಡು ಬಗೆ. ಕವಲುಗಳಿರುವ ಅಮೈಲೋಪೆಕ್ಟಿನ್ ಬೇಗ ಒಡೆಯುತ್ತದೆ, ನೇರ ಸರಪಳಿಯ ಅಮೈಲೋಸ್ ನಿಧಾನ. ಅಂಟಂಟಾಗುವ ಅಕ್ಕಿಯಲ್ಲಿ ಮೊದಲನೆಯದು ಜಾಸ್ತಿ. ಬೇಯಿಸಿದಷ್ಟೂ, ಹಿಸುಕಿದಷ್ಟೂ, ನುಣ್ಣಗೆ ಬೀಸಿದಷ್ಟೂ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಬೇಯಿಸಿ ಹಿಸುಕಿದ ಆಲೂಗಡ್ಡೆ ರಕ್ತದ ಗ್ಲೂಕೋಸನ್ನು ಬಿಳಿ ಸಕ್ಕರೆಗಿಂತ ಜಾಸ್ತಿ ಏರಿಸಬಲ್ಲದು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಆಲೂಗಡ್ಡೆಯ ಪಿಷ್ಟ ಪೂರ್ತಿ ಗ್ಲೂಕೋಸ್, ಯೋಚಿಸಿದರೆ ಸಹಜವೇ ಅಲ್ವಾ?

ಬೇಯಿಸಿದ ಅನ್ನ ಅಥವಾ ಆಲೂಗಡ್ಡೆಯನ್ನು ತಣ್ಣಗಾಗಿಸಿದರೆ ಪಿಷ್ಟದ ಒಂದು ಸಣ್ಣ ಪಾಲು ಮತ್ತೆ ಗಟ್ಟಿಯಾಗಿ, ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಇದಕ್ಕೆ ನಿರೋಧಕ ಪಿಷ್ಟ ಅನ್ನುತ್ತಾರೆ. ಒಳ್ಳೆಯದೇ. ಆದರೆ ಕ್ಯಾಲೊರಿ ಅರ್ಧಕ್ಕರ್ಧ ಇಳಿಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ಇಳಿಯುವುದು ತೀರಾ ಸ್ವಲ್ಪ.

ಕೊನೆಗೆ ನಾರು. ಓಟ್ಸ್, ಕಾಳು, ಹಣ್ಣುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಲೋಳೆಯಂತಾಗಿ ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರಗದ ನಾರು ಮಲಕ್ಕೆ ಗಾತ್ರ ಕೊಡುತ್ತದೆ. ಕಟಿಂಗ್ ಮಾಡುವಾಗ, ಅಂದರೆ ಕೊಬ್ಬು ಇಳಿಸುವ ಕಾಲದಲ್ಲಿ, ಹಸಿವನ್ನು ತಡೆಯುವುದು ಹೆಚ್ಚಾಗಿ ಇದೇ.

ಹಂತ 2: ದಿನದ ಒಟ್ಟು ಪ್ರಮಾಣ ಲೆಕ್ಕ ಹಾಕಿ

ಕಾರ್ಬ್ ಲೆಕ್ಕವನ್ನು ಕಾರ್ಬಿನಿಂದ ಶುರು ಮಾಡಬೇಡಿ. ಮೊದಲು ಕ್ಯಾಲೊರಿ, ಆಮೇಲೆ ಪ್ರೋಟೀನ್, ಆಮೇಲೆ ಕೊಬ್ಬು. ಉಳಿದದ್ದು ಕಾರ್ಬ್.

1. ಎರಡು ವಾರ ಎಂದಿನಂತೆ ತಿಂದು, ಎಲ್ಲ ಬರೆದಿಡಿ. ತೂಕ ಏರದೆ ಇಳಿಯದೆ ನಿಂತಿದ್ದರೆ ಆ ಸರಾಸರಿಯೇ ನಿಮ್ಮ ದಿನದ ಕ್ಯಾಲೊರಿ. ದಪ್ಪಗಾಗಬೇಕಾದರೆ 200–300 ಸೇರಿಸಿ. ಇಳಿಸಬೇಕಾದರೆ 400–500 ಕಳೆಯಿರಿ.

2. ಪ್ರೋಟೀನ್: ಮೈತೂಕದ ಪ್ರತಿ ಕೆ.ಜಿ.ಗೆ 1.6ರಿಂದ 2.2 ಗ್ರಾಂ. ಗ್ರಾಂಗೆ 4 ಕ್ಯಾಲೊರಿ.

3. ಕೊಬ್ಬು: ಪ್ರತಿ ಕೆ.ಜಿ.ಗೆ 0.7ರಿಂದ 1 ಗ್ರಾಂ. ಗ್ರಾಂಗೆ 9 ಕ್ಯಾಲೊರಿ. ಇದನ್ನು ತೀರಾ ಇಳಿಸಿದರೆ ಹಾರ್ಮೋನ್‌ಗಳಿಗೂ ಪೆಟ್ಟು, ಊಟದ ರುಚಿಗೂ ಪೆಟ್ಟು.

4. ಉಳಿದ ಕ್ಯಾಲೊರಿಯನ್ನು 4ರಿಂದ ಭಾಗಿಸಿ. ಬಂದದ್ದೇ ದಿನದ ಕಾರ್ಬ್, ಗ್ರಾಂ ಲೆಕ್ಕದಲ್ಲಿ.

70 ಕೆ.ಜಿ. ತೂಗುವ, 2600 ಕ್ಯಾಲೊರಿ ಬೇಕಾದ ಒಬ್ಬರನ್ನು ತೆಗೆದುಕೊಳ್ಳೋಣ. ಪ್ರೋಟೀನ್ 140 ಗ್ರಾಂ, ಅಂದರೆ 560 ಕ್ಯಾಲೊರಿ. ಕೊಬ್ಬು 63 ಗ್ರಾಂ, 567 ಕ್ಯಾಲೊರಿ. ಉಳಿದದ್ದು 1473. ನಾಲ್ಕರಿಂದ ಭಾಗಿಸಿದರೆ 368 ಗ್ರಾಂ ಕಾರ್ಬ್, ಕೆ.ಜಿ.ಗೆ ಸುಮಾರು 5.3 ಗ್ರಾಂ. ಇದೇ ವ್ಯಕ್ತಿ ಕಟಿಂಗ್‌ಗೆ 2100ಕ್ಕೆ ಇಳಿದರೆ ಕಾರ್ಬ್ 243 ಗ್ರಾಂ, ಕೆ.ಜಿ.ಗೆ 3.5. ತೂಕ ಎತ್ತುವವರಿಗೆ ಕೆ.ಜಿ.ಗೆ 3ರಿಂದ 6 ಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಸಾಕು. ಮ್ಯಾರಥಾನ್ ಓಡುವವರ ಹಾಗೆ 8–10 ಗ್ರಾಂ ಬೇಕಾಗಿಲ್ಲ. ಒಂದು ಒಳ್ಳೆಯ ವರ್ಕೌಟ್ ದುಡಿದ ಸ್ನಾಯುವಿನ ಗ್ಲೈಕೋಜೆನ್ನಿನಲ್ಲಿ ಸುಮಾರು ಶೇ. 25ರಿಂದ 40ರಷ್ಟು ಖರ್ಚು ಮಾಡುತ್ತದೆ, ಪೂರ್ತಿ ಬರಿದು ಮಾಡುವುದಿಲ್ಲ.

ಹಾಗಾದರೆ ಕಾರ್ಬ್ ಪೂರ್ತಿ ಬಿಟ್ಟರೆ? ಬದುಕಬಹುದು, ಶಕ್ತಿಯನ್ನೂ ತಕ್ಕಮಟ್ಟಿಗೆ ಉಳಿಸಿಕೊಳ್ಳಬಹುದು. ಎರಡು ಮೂರು ರೆಪ್‌ನ ಭಾರೀ ಸೆಟ್ ನಡೆಯುವುದು ಹೆಚ್ಚಾಗಿ ಸ್ನಾಯುವಿನಲ್ಲಿರುವ, ತಕ್ಷಣಕ್ಕೆ ಶಕ್ತಿ ಕೊಡುವ ಕ್ರಿಯೇಟಿನ್ ಫಾಸ್ಫೇಟ್ ಮೇಲೆ. ರೆಪ್ ಅಂದರೆ ತೂಕವನ್ನು ಒಂದು ಸಲ ಎತ್ತಿ ಇಳಿಸುವುದು, ನಿಲ್ಲಿಸದೆ ಮಾಡಿದ ರೆಪ್ ಎಲ್ಲ ಸೇರಿ ಒಂದು ಸೆಟ್. ಆದರೆ ಎಂಟರಿಂದ ಹದಿನೈದು ರೆಪ್‌ನ, ಉರಿ ಹತ್ತುವ ಸೆಟ್‌ಗೆ ಗ್ಲೈಕೋಜೆನ್ ಬೇಕು. ಆ ವೇಗದಲ್ಲಿ ಶಕ್ತಿ ಕೊಡಲು ಕೊಬ್ಬಿಗೆ ಆಗುವುದಿಲ್ಲ. ಬಾಡಿಬಿಲ್ಡಿಂಗಿನ ಬಹುಪಾಲು ಕೆಲಸ ಆ ಸೆಟ್‌ಗಳಲ್ಲೇ ನಡೆಯುವುದರಿಂದ ಕಾರ್ಬ್ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ತೂಕದಲ್ಲಿ ಆಗುವ ಎಡವಟ್ಟು: ಹಸಿ ತೂಕ, ಬೇಯಿಸಿದ ತೂಕ ಗಲಿಬಿಲಿ ಮಾಡಿಕೊಳ್ಳುವುದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬ್. 100 ಗ್ರಾಂ ಅನ್ನದಲ್ಲಿ ಸುಮಾರು 28. ಆ್ಯಪ್‌ನಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಯಾವುದಾದರೂ ಒಂದನ್ನೇ ಹಿಡಿಯಿರಿ, ಹಸಿ ತೂಕವಾದರೆ ಇನ್ನೂ ವಾಸಿ. ಬೇಯಿಸುವಾಗ ಹಾಕಿದ ನೀರಿನ ಮೇಲೆ ಬೆಂದದ್ದರ ತೂಕ ಬದಲಾಗುತ್ತಲೇ ಇರುತ್ತದೆ. ಅಂದಾಜಿಗೆ ಇನ್ನೂ ಕೆಲವು: ಒಣ ಓಟ್ಸ್ 100 ಗ್ರಾಂಗೆ 66 ಗ್ರಾಂ ಕಾರ್ಬ್, ಅದರಲ್ಲಿ 10 ನಾರು. ಬೇಯಿಸಿದ ಆಲೂಗಡ್ಡೆ 100 ಗ್ರಾಂಗೆ 20. ಮಧ್ಯಮ ಗಾತ್ರದ ಬಾಳೆಹಣ್ಣಿಗೆ 27. ಒಂದು ದೊಡ್ಡ ಲೋಟ ಹಾಲಿಗೆ 12. ಒಂದು ದೊಡ್ಡ ಚಮಚ ಜೇನಿಗೆ 17.

ಹಂತ 3: ಎಲ್ಲಿಂದ ತಿನ್ನಬೇಕು ಆರಿಸಿಕೊಳ್ಳಿ

ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಮಾತು ನೀವು ಕೇಳಿರುತ್ತೀರಿ. ಒಂದು ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತದೆ ಅಂತ ಹೇಳುವ ಅಂಕಿ ಅದು. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ತಂಡ ಇದನ್ನು ಮುಂದಿಟ್ಟಿತು. ಶುದ್ಧ ಗ್ಲೂಕೋಸಿಗೆ 100. 55 ಮತ್ತು ಅದಕ್ಕಿಂತ ಕೆಳಗಿದ್ದರೆ ಕಮ್ಮಿ, 70 ಮತ್ತು ಮೇಲಿದ್ದರೆ ಜಾಸ್ತಿ.

ಈ ಅಂಕಿಯನ್ನು ನಂಬಿ ಊಟ ಜೋಡಿಸುವವರು ಮರೆಯುವ ವಿಷಯ ಒಂದಿದೆ. ಪರೀಕ್ಷೆ ನಡೆಯುವುದು ಖಾಲಿ ಹೊಟ್ಟೆಯಲ್ಲಿ, ಆ ಒಂದೇ ಆಹಾರದಿಂದ, 50 ಗ್ರಾಂ ಜೀರ್ಣವಾಗುವ ಕಾರ್ಬ್ ಸಿಗುವಷ್ಟು ತಿನ್ನಿಸಿ. ಕಲ್ಲಂಗಡಿ ಹಣ್ಣಿನ ಅಂಕಿ 70ರ ಮೇಲಿದೆ ಅಂತ ಹೆದರಿಸುತ್ತಾರೆ. ಕಲ್ಲಂಗಡಿಯಿಂದ 50 ಗ್ರಾಂ ಕಾರ್ಬ್ ಬರಬೇಕಾದರೆ ಸುಮಾರು 700 ಗ್ರಾಂ ಹಣ್ಣು ತಿನ್ನಬೇಕು! ಇದನ್ನು ಸರಿಮಾಡಲು ಗ್ಲೈಸೆಮಿಕ್ ಲೋಡ್ ಅನ್ನುವ ಇನ್ನೊಂದು ಅಳತೆ ಬಂತು. ಇಂಡೆಕ್ಸನ್ನು ನೀವು ತಿನ್ನುವ ಕಾರ್ಬಿನ ಗ್ರಾಂನಿಂದ ಗುಣಿಸಿ 100ರಿಂದ ಭಾಗಿಸಿದರೆ ಅದು ಸಿಗುತ್ತದೆ. 10ರವರೆಗೆ ಕಮ್ಮಿ, 20ರಿಂದ ಮೇಲೆ ಜಾಸ್ತಿ. ಒಂದು ಹೋಳು ಕಲ್ಲಂಗಡಿಗೆ ಬರುವುದು 4 ಅಥವಾ 5 ಮಾತ್ರ.

ಅದರ ಮೇಲೆ, ನಾವು ಬರೀ ಅನ್ನ ತಿನ್ನುವುದಿಲ್ಲವಲ್ಲ. ಜೊತೆಗೆ ಪ್ರೋಟೀನ್, ಎಣ್ಣೆ, ತರಕಾರಿ ಸೇರಿದರೆ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗಿ ಸಕ್ಕರೆಯ ಏರಿಕೆ ತಗ್ಗುತ್ತದೆ. ಐಸ್ ಕ್ರೀಮ್‌ನ ಇಂಡೆಕ್ಸ್ ಬೇಯಿಸಿದ ಆಲೂಗಡ್ಡೆಗಿಂತ ಕಮ್ಮಿ, ಕಾರಣ ಅದರಲ್ಲಿರುವ ಕೊಬ್ಬು. ಹಾಗಂತ ಕಟಿಂಗ್‌ನಲ್ಲಿ ಆಲೂಗಡ್ಡೆ ಬಿಟ್ಟು ಐಸ್ ಕ್ರೀಮ್ ತಿನ್ನುತ್ತೀರಾ?

ನಾನು ಹೇಳುವ ಹಂಚಿಕೆ ಸರಳ. ದಿನದ ಕಾರ್ಬಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಧಾನ್ಯ, ಗೆಡ್ಡೆ, ಕಾಳು, ಹಣ್ಣು, ಹಾಲಿನಿಂದ ಬರಲಿ. ಉಳಿದ ಸಣ್ಣ ಪಾಲು ನಿಮ್ಮ ಇಷ್ಟ. ಮೇಲಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಲ್ಲಿರುವ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ. 10ಕ್ಕಿಂತ ಕಮ್ಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2600 ಕ್ಯಾಲೊರಿಯವರಿಗೆ ಅದು 65 ಗ್ರಾಂ. ನಾರು ಪ್ರತಿ 1000 ಕ್ಯಾಲೊರಿಗೆ 14 ಗ್ರಾಂ ಆಸುಪಾಸು ಇರಲಿ. ಈಗ ನಾರು ಕಮ್ಮಿ ತಿನ್ನುತ್ತಿದ್ದರೆ ಒಂದೇ ದಿನ ಎರಡು ಪಟ್ಟು ಮಾಡಬೇಡಿ. ಗ್ಯಾಸ್, ಹೊಟ್ಟೆ ಉಬ್ಬರ ಎರಡೂ ಗ್ಯಾರಂಟಿ. ವಾರಕ್ಕಿಷ್ಟು ಅಂತ ಏರಿಸಿ, ನೀರೂ ಜಾಸ್ತಿ ಕುಡಿಯಿರಿ.

ದೊಡ್ಡ ಪ್ರಮಾಣ ತಿನ್ನಬೇಕಾದ ಬಲ್ಕಿಂಗಿನಲ್ಲಿ, ಅಂದರೆ ಮೈ ಬೆಳೆಸುವ ಕಾಲದಲ್ಲಿ, ಮಾತು ಸ್ವಲ್ಪ ಬದಲಾಗುತ್ತದೆ. 450 ಗ್ರಾಂ ಕಾರ್ಬನ್ನು ಓಟ್ಸ್, ಕಾಳುಗಳಿಂದಲೇ ಮುಗಿಸಲು ಹೋದರೆ ಹೊಟ್ಟೆ ಬಿರಿಯುತ್ತದೆ. ಆಗ ಬಿಳಿ ಅನ್ನ, ಬಿಳಿ ಬ್ರೆಡ್ಡು ನಿಮ್ಮ ಗೆಳೆಯರು. ಅದರಲ್ಲಿ ನಾಚಿಕೆ ಏನಿಲ್ಲ.

ಹಂತ 4: ವರ್ಕೌಟಿನ ಸುತ್ತ ಜೋಡಿಸಿ

ಮೊದಲು. ವರ್ಕೌಟಿಗೆ ಒಂದೂವರೆಯಿಂದ ಎರಡು ಗಂಟೆ ಮುಂಚೆ ಮೈತೂಕದ ಕೆ.ಜಿ.ಗೆ ಅರ್ಧದಿಂದ ಒಂದು ಗ್ರಾಂ ಕಾರ್ಬ್, ಜೊತೆಗೆ ಪ್ರೋಟೀನ್. 70 ಕೆ.ಜಿ.ಯವರಿಗೆ 35ರಿಂದ 70 ಗ್ರಾಂ. ಈ ಊಟದಲ್ಲಿ ಕೊಬ್ಬು, ನಾರು ಕಮ್ಮಿ ಇರಲಿ. ಇಲ್ಲದಿದ್ದರೆ ಸ್ಕ್ವಾಟ್ ಮಾಡುವಾಗ ಹೊಟ್ಟೆ ತನ್ನ ದೂರು ಹೇಳುತ್ತದೆ. ಸಮಯ ಇಲ್ಲ ಅಂದರೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ಸಾಕು. ಕೆಲವರಿಗೆ ಆ ಹೊತ್ತಿನಲ್ಲಿ ಬರೀ ಸಿಹಿ ನೀರು ಕುಡಿದರೆ ಇನ್ಸುಲಿನ್ ಏರಿ, ವಾರ್ಮ್ ಅಪ್‌ನಲ್ಲೇ ಕೈ ನಡುಗಿದಂತೆ ಆಗುತ್ತದೆ. ಹಾಗಾಗುವವರು ಊಟವನ್ನು ಹಿಂದಕ್ಕೆ ತಳ್ಳಿ, ಇಲ್ಲವೇ ಶುರು ಮಾಡುವ ಐದು ನಿಮಿಷ ಮುಂಚೆ ಕುಡಿಯಿರಿ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಿಮ್‌ಗೆ ಹೋಗುವವರು ಗಾಬರಿಯಾಗಬೇಕಾಗಿಲ್ಲ. ರಾತ್ರಿಯಿಡೀ ಇಳಿಯುವುದು ಲಿವರಿನ ಗ್ಲೈಕೋಜೆನ್. ಹಿಂದಿನ ರಾತ್ರಿ ಚೆನ್ನಾಗಿ ಉಂಡಿದ್ದರೆ ಸ್ನಾಯುವಿನದು ಹಾಗೇ ಇರುತ್ತದೆ. ತಲೆ ಸುತ್ತಿದರೆ ಮಾತ್ರ ಏನಾದರೂ ತಿಂದು ಹೋಗಿ.

ನಡುವೆ. ಒಂದು ಗಂಟೆಯ ವರ್ಕೌಟಿಗೆ ನೀರು ಸಾಕು. ಒಂದೂವರೆ ಗಂಟೆ ದಾಟಿದರೆ ಗಂಟೆಗೆ 30 ಗ್ರಾಂನಷ್ಟು ಕಾರ್ಬ್ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಯಬಹುದು. ಅದಕ್ಕಿಂತ ಜಾಸ್ತಿ ಸುರಿದರೆ ಕ್ಯಾಲೊರಿ ಏರುತ್ತದೆ, ಲಾಭ ಏರುವುದಿಲ್ಲ.

ಆಮೇಲೆ. "ಅರ್ಧ ಗಂಟೆ" ಅನ್ನುವ ಭಯ ಇಲ್ಲಿಂದಲೇ ಹುಟ್ಟಿದ್ದು. ವರ್ಕೌಟ್ ಆದ ಮೊದಲ ಗಂಟೆಗಳಲ್ಲಿ ಗ್ಲೈಕೋಜೆನ್ ಬೇಗ ತುಂಬುತ್ತದೆ ಅನ್ನುವುದು ನಿಜ. ಆದರೆ ದಿನಕ್ಕೆ ಒಂದೇ ವರ್ಕೌಟ್ ಮಾಡುವವರು ದಿನದ ಒಟ್ಟು ಕಾರ್ಬ್ ಸರಿಯಾಗಿ ತಿಂದರೆ 24 ಗಂಟೆಯೊಳಗೆ ಹೇಗೂ ತುಂಬಿಕೊಳ್ಳುತ್ತದೆ. ಮನೆಗೆ ಹೋಗಿ, ಸ್ನಾನ ಮಾಡಿ, ನೆಮ್ಮದಿಯಾಗಿ ಊಟ ಮಾಡಿ. ಅವಸರ ಬೇಕಾಗಿರುವುದು ಒಂದೇ ಸಂದರ್ಭದಲ್ಲಿ: ಎಂಟು ಗಂಟೆಯೊಳಗೆ ಅದೇ ಸ್ನಾಯುಗಳಿಗೆ ಮತ್ತೆ ಕೆಲಸ ಇದ್ದರೆ. ಆಗ ಮೊದಲ ನಾಲ್ಕು ಗಂಟೆ, ಪ್ರತಿ ಗಂಟೆಗೆ ಕೆ.ಜಿ.ಗೆ 1ರಿಂದ 1.2 ಗ್ರಾಂ, ಬೇಗ ಜೀರ್ಣವಾಗುವ ಕಾರ್ಬ್.

ಇನ್ಸುಲಿನ್ ಏರಿದರೆ ಸ್ನಾಯು ಜಾಸ್ತಿ ಬೆಳೆಯುತ್ತದೆ, ಅದಕ್ಕೆ ಸಕ್ಕರೆ ಬೇಕು ಅನ್ನುವ ಮಾತೂ ಇದೆ. ಇನ್ಸುಲಿನ್ ಮುಖ್ಯವಾಗಿ ಮಾಡುವುದು ಸ್ನಾಯುವಿನ ಪ್ರೋಟೀನ್ ಒಡೆಯುವುದನ್ನು ತಡೆಯುವುದು. ಅದಕ್ಕೆ ಬೇಕಾದಷ್ಟು ಇನ್ಸುಲಿನ್ನನ್ನು ಹಾಲಿನಿಂದ ತೆಗೆದ ವೇ ಪ್ರೋಟೀನ್ ಒಂದು ಲೋಟವೇ ಏರಿಸುತ್ತದೆ. ಸಾಕಷ್ಟು ಪ್ರೋಟೀನ್ ಇದ್ದಾಗ ಮೇಲೆ ಸಕ್ಕರೆ ಸೇರಿಸಿದರೆ ಹೊಸ ಸ್ನಾಯು ಕಟ್ಟುವ ಕೆಲಸ ಇನ್ನಷ್ಟು ಏರುವುದಿಲ್ಲ. ಅಂದರೆ ಆ ಕಾರ್ಬ್ ಗ್ಲೈಕೋಜೆನ್‌ಗೆ, ನಾಳೆಯ ವರ್ಕೌಟಿಗೆ.

ಇಲ್ಲೇ ಒಂದು ಗಂಭೀರ ಮಾತು. ಸಕ್ಕರೆ ಕಾಯಿಲೆ ಇಲ್ಲದವರು ಮೈ ಬೆಳೆಸಲು ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಳ್ಳುವುದುಂಟು. ಯಾರು ಹೇಳಿದರೂ ಬೇಡ. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿ ಸಾಯಬಹುದು. ನಿದ್ದೆಯಲ್ಲಿ ಆದರೆ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ.

ರಾತ್ರಿಯ ಕಾರ್ಬ್ ಬಗ್ಗೆ: ದಿನದ ಒಟ್ಟು ಲೆಕ್ಕದೊಳಗಿದ್ದರೆ ತಿನ್ನಿ. ತಿಂದ ಕಾರ್ಬನ್ನೇ ಕೊಬ್ಬಾಗಿ ಬದಲಿಸುವುದು ಮೈಗೆ ದುಬಾರಿ ಕೆಲಸ, ಸಾಮಾನ್ಯ ಊಟದಲ್ಲಿ ಅದು ತೀರಾ ಕಮ್ಮಿ ನಡೆಯುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ತಿಂದಾಗ ಮೈ ಮೊದಲು ಕಾರ್ಬನ್ನು ಉರಿಸಿ, ಊಟದ ಕೊಬ್ಬನ್ನು ಹಾಗೇ ಎತ್ತಿಡುತ್ತದೆ. ಹೊಟ್ಟೆ ಬರುವುದು ಹೀಗೆ, ಗಡಿಯಾರ ನೋಡಿಕೊಂಡಲ್ಲ.

ಹಂತ 5: ಡಬ್ಬ ಕೊಳ್ಳುವ ಮೊದಲು ಹಿಂಬದಿ ಓದಿ

ಮಾಲ್ಟೋಡೆಕ್ಸ್ಟ್ರಿನ್ ಅಂದರೆ ಪಿಷ್ಟವನ್ನು ಅರ್ಧಂಬರ್ಧ ಒಡೆದು ಮಾಡಿದ ಪುಡಿ. ಸಿಹಿ ಕಮ್ಮಿ, ಆದರೆ ರಕ್ತದ ಗ್ಲೂಕೋಸನ್ನು ಏರಿಸುವುದರಲ್ಲಿ ಗ್ಲೂಕೋಸಿಗೆ ಸಮ. ಲೇಬಲ್‌ನಲ್ಲಿ ಇದು "ಸಕ್ಕರೆ" ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಸಕ್ಕರೆ ಸೊನ್ನೆ ಅಂತ ದೊಡ್ಡಕ್ಷರದಲ್ಲಿ ಬರೆದ, ತೂಕ ಏರಿಸಲು ಮಾರುವ ಗೇನರ್ ಡಬ್ಬದಲ್ಲಿ ಮುಕ್ಕಾಲು ಭಾಗ ಇದೇ ಇರಬಹುದು. ಒಟ್ಟು ಕಾರ್ಬ್ ಸಾಲನ್ನೇ ನೋಡಿ. ಗೇನರ್ ಅಂದರೆ ಬಹುತೇಕ ಇದು ಮತ್ತು ಸ್ವಲ್ಪ ಪ್ರೋಟೀನ್. ಓಟ್ಸ್, ಬಾಳೆಹಣ್ಣು, ಹಾಲು, ಪ್ರೋಟೀನ್ ಪುಡಿ ಮಿಕ್ಸಿಯಲ್ಲಿ ತಿರುವಿದರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ.

ವ್ಯಾಕ್ಸಿ ಮೇಜ್ ಅನ್ನುವ ಮೆಕ್ಕೆಜೋಳದ ಪಿಷ್ಟದ ಪುಡಿ ಗ್ಲೂಕೋಸಿಗಿಂತ ಬೇಗ ಏರುತ್ತದೆ ಅಂತ ಮಾರುತ್ತಾರೆ. ಹಾಗೆ ನಂಬಲು ಕಾರಣ ಇಲ್ಲ. ದುಡ್ಡು ಉಳಿಸಿ.

ಪ್ರೋಟೀನ್ ಬಾರ್‌ಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ತರಹದ ಸಕ್ಕರೆ ಆಲ್ಕೋಹಾಲ್‌ಗಳಿರುತ್ತವೆ. ಅಮಲು ಬರುವ ಆಲ್ಕೋಹಾಲ್ ಅಲ್ಲ, ಪೂರ್ತಿ ಜೀರ್ಣವಾಗದ ಸಿಹಿ. ಮಾಲ್ಟಿಟಾಲ್‌ಗೆ ಗ್ರಾಂಗೆ ಸುಮಾರು 2 ಕ್ಯಾಲೊರಿ ಇದ್ದೇ ಇದೆ, ಆದರೂ ಜೀರ್ಣವಾಗುವ ಕಾರ್ಬನ್ನು ಮಾತ್ರ ಎಣಿಸುವ "ನೆಟ್ ಕಾರ್ಬ್" ಲೆಕ್ಕದಲ್ಲಿ ಅದನ್ನು ಪೂರ್ತಿ ಕಳೆದು ತೋರಿಸುತ್ತಾರೆ. ಒಂದೇ ಸಲ ಎರಡು ಮೂರು ಬಾರ್ ತಿಂದರೆ ಬೇಧಿ ಆಗಬಹುದು. ಲೇಬಲ್ ಓದುವಾಗ ಇನ್ನೊಂದು: ಅಮೆರಿಕದ ಲೇಬಲ್‌ಗಳಲ್ಲಿ ಒಟ್ಟು ಕಾರ್ಬಿನೊಳಗೆ ನಾರೂ ಸೇರಿರುತ್ತದೆ, ಯುರೋಪಿನವುಗಳಲ್ಲಿ ನಾರು ಬೇರೆ ಸಾಲಿನಲ್ಲಿರುತ್ತದೆ.

ಹಂತ 6: ಎರಡು ವಾರಕ್ಕೊಮ್ಮೆ ತಿದ್ದಿ

ಇಲ್ಲಿ ಮೋಸ ಮಾಡುವುದು ನೀರು. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬ್ ಕಡಿದು 300 ಗ್ರಾಂ ಗ್ಲೈಕೋಜೆನ್ ಖಾಲಿಯಾದರೆ ಒಂದು ಕೆ.ಜಿ.ಗೂ ಹೆಚ್ಚು ತೂಕ ಒಂದೇ ವಾರದಲ್ಲಿ ಇಳಿಯುತ್ತದೆ. ಅದು ಕೊಬ್ಬಲ್ಲ. ಮತ್ತೆ ಕಾರ್ಬ್ ತಿಂದಾಗ ಅದೇ ತೂಕ ವಾಪಸ್ ಬರುತ್ತದೆ, ಅದೂ ಕೊಬ್ಬಲ್ಲ. ಮದುವೆ ಮನೆಯ ಊಟದ ಮರುದಿನ ತೂಕ ನೋಡಿ ಅಳುವವರಿಗೆ ನಾನು ಹೇಳುವುದು ಇದನ್ನೇ. ದಿನವೂ ಬೆಳಗ್ಗೆ ತೂಗಿ, ವಾರದ ಸರಾಸರಿ ತೆಗೆಯಿರಿ. ಮೊದಲ ವಾರದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಟಿಂಗಿನಲ್ಲಿ ವಾರದ ಸರಾಸರಿ ಮೈತೂಕದ ಶೇ. 0.5ರಿಂದ 1ರಷ್ಟು ಇಳಿಯುತ್ತಿದ್ದರೆ ಏನೂ ಮುಟ್ಟಬೇಡಿ. ಎರಡು ವಾರ ನಿಂತುಬಿಟ್ಟರೆ ದಿನದ ಕಾರ್ಬಿನಲ್ಲಿ 25–30 ಗ್ರಾಂ ಕಳೆಯಿರಿ. ಕಳೆಯುವಾಗ ವರ್ಕೌಟಿನ ಮುಂಚಿನ, ನಂತರದ ಊಟಗಳನ್ನು ಕೊನೆಯವರೆಗೂ ಉಳಿಸಿ. ಬೇರೆ ಊಟದಿಂದ, ವರ್ಕೌಟ್ ಇಲ್ಲದ ದಿನದಿಂದ ಕಳೆಯಿರಿ. ಸೆಟ್‌ಗಳಲ್ಲಿ ರೆಪ್ ಬೀಳುತ್ತಾ ಹೋದರೆ, ಪಂಪ್ ಬಾರದಿದ್ದರೆ, ನಿದ್ದೆ ಕೆಟ್ಟರೆ ತೀರಾ ಇಳಿಸಿದ್ದೀರಿ ಅಂತ ಅರ್ಥ. ಪಂಪ್ ಅಂದರೆ ಸೆಟ್ ಆದ ಮೇಲೆ ಸ್ನಾಯು ರಕ್ತ ತುಂಬಿ ಉಬ್ಬುವುದು. ಬಲ್ಕಿಂಗಿನಲ್ಲಿ ಇದರ ತಿರುಗಾಮುರುಗಾ. ಎರಡು ವಾರ ತೂಕ ಏರದಿದ್ದರೆ 30–40 ಗ್ರಾಂ ಸೇರಿಸಿ, ಸೊಂಟದ ಅಳತೆಯನ್ನೂ ಜೊತೆಗೆ ನೋಡುತ್ತಿರಿ.

ಸ್ಪರ್ಧೆಗೆ ಇಳಿಯುವವರು ಕೊನೆಯ ಒಂದು ಮೂರು ದಿನ ಕಾರ್ಬ್ ಏರಿಸಿ ಸ್ನಾಯು ತುಂಬಿಸಿಕೊಳ್ಳುತ್ತಾರೆ. ಅದನ್ನು ಮಾಡುವುದಾದರೆ ಸ್ಪರ್ಧೆಗೆ ಮೂರು ನಾಲ್ಕು ವಾರ ಮುಂಚೆ ಒಮ್ಮೆ ಪೂರ್ತಿ ಮಾಡಿ ನೋಡಿ, ಫೋಟೋ ತೆಗೆದಿಡಿ. ಎಷ್ಟು ಗ್ರಾಂಗೆ ಮೈ ತುಂಬಿತು, ಎಷ್ಟಕ್ಕೆ ಹೊಟ್ಟೆ ಉಬ್ಬಿತು ಅಂತ ಗೊತ್ತಾಗುತ್ತದೆ. ಅದೇ ದಿನಗಳಲ್ಲಿ ನೀರು ಪೂರ್ತಿ ನಿಲ್ಲಿಸುವುದು, ನೀರಿಳಿಸುವ ಮಾತ್ರೆ ನುಂಗುವುದು ಮಾಡಬೇಡಿ. ಹೃದಯಕ್ಕೆ ಅಪಾಯ ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಗ್ಲೈಕೋಜೆನ್ ಕಟ್ಟಿಕೊಳ್ಳಲು ನೀರೇ ಬೇಕಲ್ಲ. ನೀರು ಬಿಟ್ಟು ತಿಂದ ಕಾರ್ಬ್ ಸ್ನಾಯುವನ್ನು ತುಂಬಿಸುವ ಬದಲು ಹೊಟ್ಟೆಯಲ್ಲೇ ಭಾರವಾಗಿ ಕೂರಬಹುದು.